ನಿದ್ದೆಯ ಅವಕಾಶ

ಸ್ಪಂದನಳಿಗೆ ವಿಮಾನ ನಿಲ್ದಾಣದಿಂದ ತೊಂಬತ್ತು ನಿಮಿಷದ ಒಳಗೆ ಒಂದು ಮನೆ ಇರಲಿಲ್ಲ. ಮನೆ ಇತ್ತು, ಕೆಂಗೇರಿಯಲ್ಲಿ, ಮೂರು ಅಂತಸ್ತಿನದು. ಕೆಳಗೆ ಅವಳು, ಅಪ್ಪ, ಅಮ್ಮ. ಮೇಲಿನ ಎರಡು ಅಂತಸ್ತಿನಲ್ಲಿ ನಾಲ್ಕು ಬಾಡಿಗೆ ಸಂಸಾರ. ಅಲ್ಲಿಂದ ದೇವನಹಳ್ಳಿ ಕಡೆಯ ನಿಲ್ದಾಣಕ್ಕೆ ಬೆಳಗಿನ ಜಾವ ಒಂದೂವರೆ ಗಂಟೆ, ಬೆಳಕು ಹರಿದ ಮೇಲೆ ಎರಡೂವರೆ. ಸಂಜೆ ಎಷ್ಟು ಹೊತ್ತು ಎಂದು ಯಾರೂ ಹೇಳುತ್ತಿರಲಿಲ್ಲ.

ಅವಳು ಮೇಘಯಾನ ಏರ್‌ವೇಸ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ವಿಮಾನದ ಬಲಗಡೆ ಸೀಟಿನಲ್ಲಿ ಕೂರುವ ಪೈಲಟ್. ವಯಸ್ಸು ಇಪ್ಪತ್ತೊಂಬತ್ತು. ತಿಂಗಳಲ್ಲಿ ಆರೇಳು ದಿನ ರೋಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಸ್ಟ್ಯಾಂಡ್‌ಬೈ ಎಂದಿರುತ್ತಿತ್ತು. ಇನ್ನೊಬ್ಬ ಪೈಲಟ್‌ಗೆ ಹೊಟ್ಟೆ ಕೆಟ್ಟರೆ, ಇನ್ಯಾರದೋ ಹಾರಾಟದ ಗಂಟೆ ಮುಗಿದುಹೋದರೆ, ಆ ಜಾಗ ತುಂಬಲು ಹನ್ನೆರಡು ಗಂಟೆ ಮನೆಯಲ್ಲೇ ಕಾದಿರಬೇಕು. ಪೈಲಟ್‌ಗಳನ್ನು ಕರೆಯುವ ಕ್ರೂ ಕಂಟ್ರೋಲ್ ವಿಭಾಗದಿಂದ ಫೋನು ಬಂದರೆ ಕೂಡಲೇ ಎತ್ತಬೇಕು. ಎತ್ತಿದ ತೊಂಬತ್ತು ನಿಮಿಷಕ್ಕೆ ಯೂನಿಫಾರ್ಮಿನಲ್ಲಿ ನಿಲ್ದಾಣದಲ್ಲಿರಬೇಕು. ಕಂಪನಿಯ ಕೈಪಿಡಿ ಪ್ರಕಾರ ಈ ಹನ್ನೆರಡು ಗಂಟೆಯ ಕಾಲು ಭಾಗ ಕೆಲಸ. ಉಳಿದ ಮುಕ್ಕಾಲು ಭಾಗದಲ್ಲಿ ಪೈಲಟ್‌ಗೆ ‘ನಿದ್ದೆಯ ಅವಕಾಶ’ ಇರುತ್ತದೆ. ಕೈಪಿಡಿ ಬರೆದವರು ನಿದ್ದೆ ಎಂಬ ಪದವನ್ನು ಎಲ್ಲೂ ಒಂಟಿಯಾಗಿ ಬಿಟ್ಟಿಲ್ಲ. ಅವಕಾಶ ಕೊಡುವುದು ಕಂಪನಿಯ ಜವಾಬ್ದಾರಿ, ನಿದ್ದೆ ಮಾಡುವುದು ಪೈಲಟ್‌ನ ಜವಾಬ್ದಾರಿ.

ಮೇ ತಿಂಗಳಲ್ಲಿ ಒಂದು ದಿನ ಕೆಂಗೇರಿಯಿಂದ ಹೊರಟವಳು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು ಹನ್ನೊಂದು ನಿಮಿಷ ತಡವಾಗಿ ತಲುಪಿದಳು. ಕಂಪನಿಯ ಕಂಪ್ಯೂಟರಿನಲ್ಲಿ ತಡ ಎಂಬುದಕ್ಕೆ ಕಾಲಂ ಇರಲಿಲ್ಲ. ಹೋದರು, ನಿರಾಕರಿಸಿದರು, ಎರಡೇ ಇತ್ತು. ಅವಳ ಹೆಸರಿಗೆ ಒಂದು ನಿರಾಕರಣೆ ಬಿತ್ತು.

ಅದು ಸಣ್ಣ ವಿಷಯವಲ್ಲ. ಸೆಪ್ಟೆಂಬರಿನಲ್ಲಿ ಕಮಾಂಡ್ ಕೋರ್ಸ್ ಶುರುವಾಗುವುದಿತ್ತು. ಅದನ್ನು ಮುಗಿಸಿದವರು ಎಡಗಡೆ ಸೀಟಿಗೆ ಹೋಗುತ್ತಾರೆ, ಕ್ಯಾಪ್ಟನ್ ಆಗುತ್ತಾರೆ. ಇದ್ದದ್ದು ಮೂವತ್ತು ಸೀಟು. ಪಟ್ಟಿಯಲ್ಲಿ ಸ್ಪಂದನ ಇಪ್ಪತ್ತಾರನೆಯವಳು. ಒಂದು ವರ್ಷದಲ್ಲಿ ಎರಡು ನಿರಾಕರಣೆ ಆದವರ ಹೆಸರು ಪಟ್ಟಿಯಿಂದ ಕೆಳಗಿಳಿಯುತ್ತದೆ. ಅವಳಿಗೆ ಇನ್ನೊಂದು ಆಗುವಂತಿರಲಿಲ್ಲ.

ನಿಲ್ದಾಣದ ಹತ್ತಿರ ಒಂದು ರೂಮು ಮಾಡುತ್ತೇನೆ ಎಂದಾಗ ಅಪ್ಪ ಕೆಂಚಪ್ಪ ಒಪ್ಪಲಿಲ್ಲ.

“ನಾಲ್ಕು ಮನೆ ಬಾಡಿಗೆಗೆ ಕೊಟ್ಟಿರೋನ ಮಗಳು ಹೋಗಿ ಬಾಡಿಗೆ ರೂಮಲ್ಲಿರ್ತಾಳಾ? ನಂದಿನಿ ಲೇಔಟ್‌ನಲ್ಲಿ ನಿಮ್ಮ ದೊಡ್ಡಮ್ಮ ಇಲ್ವಾ? ರಿಂಗ್ ರೋಡ್ ಪಕ್ಕದಲ್ಲೇ ಇದ್ದಾರೆ.”

ನಂದಿನಿ ಲೇಔಟಿನಿಂದ ನಿಲ್ದಾಣಕ್ಕೆ ಎಪ್ಪತ್ತು ನಿಮಿಷ. ಹೀಗೆ ಅಮ್ಮನ ಅಕ್ಕ ವೆಂಕಟಲಕ್ಷ್ಮಮ್ಮನ ಮನೆ ಕಂಪನಿಯ ದಾಖಲೆಯಲ್ಲಿ ಸ್ಪಂದನಳ ಸ್ಟ್ಯಾಂಡ್‌ಬೈ ವಸತಿಯಾಯಿತು. ವಸತಿ ಸೂಕ್ತವಾಗಿದೆ ಎಂದು ಮನೆಯವರು ಸಹಿ ಮಾಡಿಕೊಡಬೇಕಿತ್ತು. ಪ್ರತ್ಯೇಕ ಮಂಚ ಇದೆಯೇ, ದಪ್ಪ ಪರದೆ ಇದೆಯೇ, ಎಸಿ ಇದೆಯೇ, ಗಲಾಟೆ ಇಲ್ಲವೇ.

“ಏನೇ ಇದು, ಹೆಣ್ಣು ಕೊಡೋರು ಕೇಳ್ದಂಗೆ ಕೇಳ್ತಾರೆ?” ಎಂದರು ದೊಡ್ಡಮ್ಮ. ಎಲ್ಲದಕ್ಕೂ ಇದೆ ಎಂದು ಬರೆದು ಸಹಿ ಹಾಕಿದರು. ಗಲಾಟೆ ಇಲ್ಲವೇ ಎಂಬುದಕ್ಕೂ ಇದೆ ಎಂದೇ ಬರೆದರು. ಕಂಪನಿಯಲ್ಲಿ ಯಾರೂ ಓದಲಿಲ್ಲ.

ದೊಡ್ಡಮ್ಮನಿಗೆ ಸ್ಪಂದನ ಬಂದದ್ದು ನಿಜಕ್ಕೂ ಖುಷಿ. ಎಸಿ ಇದ್ದ ರೂಮನ್ನು ಅವಳಿಗೇ ಬಿಟ್ಟರು. ಹೊಸ ಪರದೆ ಹಾಕಿಸಿದರು. ತೊಂದರೆ ಒಂದೇ. ಹಗಲು ಹೊತ್ತಿನಲ್ಲಿ ಮಲಗಿದವರಿಗೆ ಏನೋ ಆಗಿದೆ ಎಂದು ಅವರು ನಂಬಿದ್ದರು. ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ಹಣೆ ಮುಟ್ಟಿ ನೋಡುತ್ತಿದ್ದರು. ಜ್ವರ ಇಲ್ಲವೆಂದು ಖಚಿತವಾದ ಮೇಲೆ ಕಾಫಿ ತರುತ್ತಿದ್ದರು. ಕಾಫಿ ಕುಡಿದರೆ ನಿದ್ದೆ ಹೋಗುತ್ತದೆ ಎಂದರೆ ಹಾಲು ತಂದು, ಅದು ಕುಡಿಯುವವರೆಗೂ ಮಂಚದ ಮೇಲೆ ಕೂತು ಮಾತಾಡುತ್ತಿದ್ದರು. ಎದುರು ಮನೆಯ ಭುವನೇಶ್ವರಿ ಪೈಲಟ್ಟನ್ನು ನೋಡಲು ಎರಡು ಸಲ ಬಂದರು.

“ಅಲ್ಲ ಕಣಮ್ಮ, ಮೇಲಿಂದ ನಮ್ಮನೆ ಕಾಣ್ಸುತ್ತಾ?”

“ಇಲ್ಲ ಆಂಟಿ.”

“ಮೂರನೇ ಫ್ಲೋರ್ ಕಟ್ಟಿಸಿದ್ವಿ, ಆದ್ರೂ ಕಾಣ್ಸಲ್ವಾ?” ಆಮೇಲೆ ರೂಮಿನ ಅಳತೆ ನೋಡಿ, “ಅಕ್ಕ, ಜಾಗ ಸಾಲುತ್ತಾ ಪಾಪ ಈ ಹುಡುಗಿಗೆ?” ಎಂದು ದೊಡ್ಡಮ್ಮನನ್ನು ಕೇಳಿ ಹೋದರು. ಆ ಪ್ರಶ್ನೆಯನ್ನು ದೊಡ್ಡಮ್ಮ ಎರಡು ದಿನ ಬೈದರು.

ಆಗಸ್ಟ್‌ನಲ್ಲಿ ಸ್ಪಂದನಳಿಗೆ ಮೂರು ದಿನ ಸಾಲಾಗಿ ಸ್ಟ್ಯಾಂಡ್‌ಬೈ ಬಂತು. ಬುಧವಾರ ಬೆಳಗಿನ ಜಾವ ನಾಲ್ಕರಿಂದ ಸಂಜೆ ನಾಲ್ಕು. ಫೋನು ಬರಲಿಲ್ಲ. ಬರಬಹುದು ಎಂದು ಕೂತಿದ್ದಷ್ಟೇ. ಗುರುವಾರ ಮತ್ತೆ ನಾಲ್ಕಕ್ಕೆ ಶುರು. ನಾಲ್ಕೂ ಹತ್ತಕ್ಕೇ ಕರೆ ಬಂತು. ಹೋದಳು. ವಿಮಾನದ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡರವರೆಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿಕೊಂಡು ವಾಪಸ್ಸು ಕಳಿಸಿದರು. ಮುಂದಿನ ಸ್ಟ್ಯಾಂಡ್‌ಬೈ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ. ನಡುವಿನ ಇಪ್ಪತ್ತನಾಲ್ಕು ಗಂಟೆ ಕಂಪನಿಯ ಲೆಕ್ಕದಲ್ಲಿ ಪೂರ್ತಿ ವಿಶ್ರಾಂತಿ.

ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ಆದದ್ದು ಇದು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಲಾರಿ ಬಂದು ನಿಂತಿತು. ರಾತ್ರಿಯಿಡೀ ಕೊರೆದರು. ಮನೆಯ ಪಾತ್ರೆ ನಡುಗಿತು, ಮಂಚ ನಡುಗಿತು. ಒಂಬೈನೂರ ಅರವತ್ತು ಅಡಿಗೆ ನೀರು ಸಿಕ್ಕಿದಾಗ ಶುಕ್ರವಾರ ಬೆಳಗಿನ ಜಾವ ಮೂರು ಗಂಟೆ. ಸಿಕ್ಕಿತು ಎಂದು ಹತ್ತಾರು ಜನ ಕೂಗಿದರು. ನಾಲ್ಕಕ್ಕೆ ದೊಡ್ಡಮ್ಮ ಎದ್ದರು. ಅಂದು ವರಮಹಾಲಕ್ಷ್ಮಿ ಹಬ್ಬ.

ದೇವಿಯನ್ನು ಕೂರಿಸುವುದು ಮುಂದಿನ ಹಾಲ್‌ನಲ್ಲಿ. ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಬರುತ್ತಾರೆ. ಕೂರಲು ಜಾಗ ಬೇಕು. ಹಾಗಾಗಿ ಪ್ರತಿ ವರ್ಷ ಹಾಲ್‌ನ ಸಾಮಾನೆಲ್ಲ ರೂಮಿಗೆ ಹೋಗುತ್ತದೆ. ಈ ವರ್ಷವೂ ಹೋಯಿತು. ದೊಡ್ಡಪ್ಪ ಹಬ್ಬದ ದಿನ ಗಂಡಸರು ಮಾಡುವ ಕೆಲಸ ಮಾಡಿದರು: ಸೋಫಾ ಎತ್ತಿಸಿ ಸ್ಪಂದನಳ ಮಂಚದ ಮೇಲೆ ಇಡಿಸಿ, ಟಿವಿ, ಟೀಪಾಯಿ, ಚಪ್ಪಲಿ ಸ್ಟ್ಯಾಂಡನ್ನು ಸುತ್ತ ಜೋಡಿಸಿ, ಹೊರಗೆ ಹೋದರು.

“ಒಂದೇ ದಿನ ಕಣೇ, ಅಡ್ಜಸ್ಟ್ ಮಾಡ್ಕೋ,” ಎಂದರು ದೊಡ್ಡಮ್ಮ. “ಹಬ್ಬದ ದಿನ ಯಾರು ಮಲಗ್ತಾರೆ?”

ಸ್ಪಂದನ ಮಹಡಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಚಾಪೆ ಹಾಕಿಕೊಂಡಳು. ಹತ್ತು ನಿಮಿಷಕ್ಕೆ ದೊಡ್ಡಮ್ಮ ಕೆಳಗಿನಿಂದ ಕರೆದರು: ಹೂವು ಬಿಡಿಸಬೇಕು. ಆಮೇಲೆ ಹೋಳಿಗೆ ಬಡಿಸಬೇಕು. ಹನ್ನೆರಡಕ್ಕೆ ಸ್ಟ್ಯಾಂಡ್‌ಬೈ ಶುರುವಾಯಿತು. ಅಲ್ಲಿಂದ ಮುಂದೆ ಅವಳು ಫೋನನ್ನು ಕೈಯಲ್ಲೇ ಹಿಡಿದು, ಎರಡೆರಡು ನಿಮಿಷಕ್ಕೊಮ್ಮೆ ಸಿಗ್ನಲ್ ಇದೆಯೇ ಎಂದು ನೋಡುತ್ತ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಎರಡು ರಾತ್ರಿ ಸೇರಿ ಅವಳು ಮಲಗಿದ್ದು ಮೂರೂವರೆ ಗಂಟೆ.

ನಾಲ್ಕೂವರೆಗೆ ಹೆಂಗಸರು ಬರತೊಡಗಿದರು. ತಲೆಗೆ ಸ್ನಾನ ಮಾಡದೆ ಕುಂಕುಮ ತಗೊಳ್ಳಬಾರದು ಎಂದು ದೊಡ್ಡಮ್ಮ ಅವಳನ್ನು ಬಚ್ಚಲಿಗೆ ಅಟ್ಟಿದರು. ಫೋನನ್ನು ನೀರಿಗೆ ಒಯ್ಯುವಂತಿರಲಿಲ್ಲ, ಬಿಟ್ಟು ಹೋಗುವಂತೆಯೂ ಇರಲಿಲ್ಲ.

“ದೊಡ್ಡಮ್ಮ, ಇದು ಬಡ್ಕೊಂಡ್ರೆ ತಕ್ಷಣ ಎತ್ತಿ. ಏನೂ ಮಾತಾಡ್ಬೇಡಿ. ಬಾಗಿಲು ತಟ್ಟಿ, ನನಗೆ ಕೊಡಿ.”

“ನನಗೇನ್ ಫೋನ್ ಎತ್ತಕ್ ಬರಲ್ವೇನೇ?”

ನಾಲ್ಕೂ ನಲವತ್ತಕ್ಕೆ ಫೋನು ಬಂತು. ದೊಡ್ಡಮ್ಮ ಆಗ ಹಾಲ್‌ನಲ್ಲಿ ಹನ್ನೊಂದು ಹೆಂಗಸರ ನಡುವೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು.

“ಹಲೋ, ಯಾರಪ್ಪಾ?”

“ನಮಸ್ಕಾರ್ರೀ ಅಮ್ಮಾರ, ಮೇಘಯಾನ ಕ್ರೂ ಕಂಟ್ರೋಲಿಂದ ವೀರೇಶ ಮಾತಾಡ್ತೀನ್ರಿ. ಸ್ಪಂದನ ಮೇಡಂ ಅದಾರೇನ್ರಿ?”

“ಸ್ನಾನಕ್ಕೆ ಹೋಗಿದ್ದಾಳೆ. ನೀನು ಹುಬ್ಳಿ ಕಡೆಯೋನಾ?”

“ರಾಣೆಬೆನ್ನೂರು ಹತ್ರ ರೀ. ಈಗ ವಿಜಯನಗರದಾಗ ಪೀಜಿಯಾಗ ಇರ್ತೀನ್ರಿ.”

“ಹಬ್ಬದ ದಿನಾನೂ ಡ್ಯೂಟಿನಾ? ಊಟ ಮಾಡ್ದಾ?”

“ಇಲ್ರೀ, ಇನ್ನೂ ಇಲ್ಲ.” ವೀರೇಶನದು ಬೆಳಗ್ಗೆ ಆರರ ಪಾಳಿ, ಹನ್ನೊಂದನೇ ಗಂಟೆ ನಡೆಯುತ್ತಿತ್ತು. ಅವನು ಪೈಲಟ್ ಅಲ್ಲವಾದ್ದರಿಂದ ಅವನ ದಣಿವಿಗೆ ಕೈಪಿಡಿಯಲ್ಲಿ ಅಧ್ಯಾಯ ಇರಲಿಲ್ಲ. “ಅಮ್ಮಾರ, ಮೇಡಂ ರೆಸ್ಟ್ ಚಲೋ ಮಾಡ್ಯಾರೇನ್ರಿ? ಇಲ್ಲೊಂದು ಕಾಲಂ ಐತ್ರಿ, ತುಂಬಬೇಕು.”

ದೊಡ್ಡಮ್ಮ ಸುತ್ತ ನೋಡಿದರು. ಹನ್ನೊಂದು ಹೆಂಗಸರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ಮುಂದಿನ ಸಾಲಿನಲ್ಲೇ ಭುವನೇಶ್ವರಿ.

“ಅಯ್ಯೋ, ಬೆಳಗ್ಗಿಂದ ಮಲಗೇ ಇದ್ಲಪ್ಪ! ನಿನ್ನೇನೂ ಅಷ್ಟೆ, ಎಬ್ಬಿಸಿದ್ರೂ ಏಳಲ್ಲ. ನಮ್ಮನೇಲಿ ನಿದ್ದೆಗೇನ್ ಕಮ್ಮಿ? ಎಸಿ ರೂಮು ಅವಳೊಬ್ಬಳಿಗೇ ಬಿಟ್ಟಿದೀವಿ.”

ವೀರೇಶ ಕಾಲಂ ತುಂಬಿದ. ನಂತರ ದೊಡ್ಡಮ್ಮ ಅವನ ತಾಯಿಯ ಆರೋಗ್ಯ ವಿಚಾರಿಸಿದರು, ಹೋಳಿಗೆ ತಿನ್ನಲು ಮನೆಗೆ ಬಾ ಎಂದರು. ಅಷ್ಟರಲ್ಲಿ ಸ್ಪಂದನ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಓಡಿ ಬಂದು ಫೋನು ಕಸಿದುಕೊಂಡಳು.

“ಹೇಳಿ ವೀರೇಶ್.”

“ಮೇಡಂ, ಆರೂ ಹತ್ತಕ್ಕ ರಿಪೋರ್ಟಿಂಗ್ ರೀ. ಕೋಲ್ಕತ್ತಾ ಹೋಗಿ ಬರೂದು, ಆಮ್ಯಾಲ ಪುಣೆ ಹೋಗಿ ಬರೂದು. ಮುಗಿಯೂದು ನಸುಕಿನ್ಯಾಗ ಐದಕ್ಕ.”

ಮಾರ್ಚಿನಲ್ಲಿ ಅವಳು ಹೀಗೇ ಒಮ್ಮೆ ಹೋಗಿದ್ದಳು, ನಾಲ್ಕು ಗಂಟೆ ಮಲಗಿ. ಬೆಳಗಿನ ಜಾವ ಇಳಿಯಲು ರನ್‌ವೇ ಎದುರಿಗೆ ಬಂದಾಗ ಕೆಳಗಿರುವ ಊರು ಯಾವುದು ಎಂದು ಅವಳಿಗೆ ನೆನಪಾಗಲಿಲ್ಲ. ನಾಲ್ಕು ಸೆಕೆಂಡು ಇರಬಹುದು. ಪಕ್ಕದ ಕ್ಯಾಪ್ಟನ್ ಗಮನಿಸಲಿಲ್ಲ. ಹಿಂದೆ ನೂರ ಎಪ್ಪತ್ತೆರಡು ಜನ ಇದ್ದರು, ಅವರೂ ಗಮನಿಸಲಿಲ್ಲ. ವಿಮಾನ ಇಳಿಯಿತು, ಜನ ಸೂಟ್‌ಕೇಸ್ ಇಳಿಸಿಕೊಂಡು ಹೋದರು. ಆ ದಿನದ ದಾಖಲೆಯಲ್ಲಿ ಏನೂ ಇಲ್ಲ.

“ನನ್ನ ಕೈಲಿ ಆಗಲ್ಲ ವೀರೇಶ್. ಫಟೀಗ್ ಅಂತ ಬರ್ಕೊಳ್ಳಿ. ದಣಿದಿದೀನಿ, ಹಾರಲ್ಲ.”

“ಮೇಡಂ, ಈಗಷ್ಟ ಅಮ್ಮಾರು ಹೇಳಿದ್ರಲ್ರಿ, ಬೆಳಗಿಂದ ಮಲಗ್ಯಾರಂತ. ನಾ ತುಂಬಿಬಿಟ್ಟೆ. ಲೈನ್ ರೆಕಾರ್ಡ್ ಆಗ್ತೈತ್ರಿ.”

ಸ್ಪಂದನ ದೊಡ್ಡಮ್ಮನನ್ನು ನೋಡಿದಳು. ಅವರು ಯಾರಿಗೋ ತಾಂಬೂಲ ಕೊಡುತ್ತಿದ್ದರು.

“ಅವರು ಹೇಳಿದ್ದು ಸುಳ್ಳು.”

“ಒಂದ್ ಕೆಲಸ ಮಾಡ್ರಿ ಮೇಡಂ,” ವೀರೇಶ ದನಿ ಇಳಿಸಿದ. “ಜ್ವರ ಬಂದೈತಿ ಅನ್ರಿ. ಸಿಕ್ ಅಂತ ಹಾಕ್ತೀನಿ. ಅದು ನಿರಾಕರಣೆ ಒಳಗ ಬರೂದಿಲ್ಲ. ದಣಿವು ಅಂದ್ರ ಕಮಿಟಿಗೆ ಹೋಗ್ತೈತಿ, ಅವರು ಖರೇ ದಣಿವು ಅಂದ್ರ ಮಾತ್ರ ಬಿಡ್ತಾರ. ನಿಮ್ದು ಮೊದಲೇ ಒಂದು ಐತಿ.”

“ಜ್ವರ ಇಲ್ಲ. ನಿದ್ದೆ ಇಲ್ಲ. ಇದ್ದಿದ್ದನ್ನೇ ಬರ್ಕೊಳ್ಳಿ.”

“ಆತ್ರಿ. ಬರಕೊಂಡೆ.”

ಫೋನು ಇಟ್ಟಾಗ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು.

“ಕೆಲಸಕ್ಕೆ ಕರೆದ್ರೆ ನಿದ್ದೆ ಬರ್ತಿದೆ ಅನ್ನೋದಾ? ಅದೂ ಹಬ್ಬದ ದಿನ!” ಎಂದರು ದೊಡ್ಡಮ್ಮ.

“ಹೋಗ್ಲಿ ಬಿಡಿ ಅಕ್ಕ,” ಎಂದರು ಭುವನೇಶ್ವರಿ. “ಏರ್‌ಹೋಸ್ಟೆಸ್ ಕೆಲಸಾನೇ ಹಂಗಂತೆ, ನಿಂತೇ ಇರ್ಬೇಕಂತೆ.”

ಸ್ಪಂದನ ರೂಮಿಗೆ ಹೋಗಿ ಮಂಚದ ಮೇಲಿನ ಸೋಫಾ ಮೇಲೆ ಹತ್ತಿ, ಕಾಲು ಮಡಚಿ ಮಲಗಿದಳು. ತಲೆ ಒದ್ದೆಯಾಗಿತ್ತು. ಹೊರಡುವ ಹೆಂಗಸರಲ್ಲಿ ಇಬ್ಬರು ಬಂದು ನಿದ್ದೆಯಲ್ಲಿದ್ದವಳ ಹಣೆಗೇ ಕುಂಕುಮ ಇಟ್ಟು ಹೋದರು. ಅವಳಿಗೆ ಬದಲಾಗಿ ಅಂದು ಹೋದ ಪೈಲಟ್ ಬೆಳಿಗ್ಗೆ ಐದಕ್ಕೆ ಇಳಿದು, ತಾನೂ ದಣಿದಿದ್ದೆ ಎಂದು ಅರ್ಜಿ ಬರೆದ. ಹಾರಿ ಮುಗಿಸಿದ ಮೇಲೆ ಬರೆದದ್ದರಿಂದ ಅದನ್ನು ಫೈಲಿಗೆ ಸೇರಿಸಿದರು.

ಸ್ಪಂದನ ನಡೆದದ್ದನ್ನೆಲ್ಲ ಅರ್ಜಿಯಲ್ಲಿ ಬರೆದು ಕಳಿಸಿದಳು. ಒಂಬತ್ತು ದಿನ ಬಿಟ್ಟು ಕಮಿಟಿ ಕೂರುವುದೆಂದಾಯಿತು. ವೀಡಿಯೊ ಕರೆಯಲ್ಲಿ. ಸಾಕ್ಷಿ ಇದ್ದರೆ ಕರೆತರಬಹುದು ಎಂದು ಮೇಲ್‌ನಲ್ಲಿತ್ತು. ಇದ್ದದ್ದು ಒಬ್ಬರೇ ಸಾಕ್ಷಿ. ಹಿಂದಿನ ದಿನ ಸ್ಪಂದನ ಅವರ ಎದುರು ಕೂತಳು.

“ದೊಡ್ಡಮ್ಮ, ನಾಳೆ ನೀವು ಒಂದೇ ಮಾತು ಹೇಳ್ಬೇಕು. ನಾನು ಮಲಗಿರ್ಲಿಲ್ಲ ಅಂತ. ಇಲ್ದಿದ್ರೆ ನಾನು ಕ್ಯಾಪ್ಟನ್ ಆಗಲ್ಲ.”

“ಹೇಳ್ತೀನಿ ಬಿಡೇ. ನಿನಗಿಂತ ಹೆಚ್ಚಾ?”

“ರೂಮಲ್ಲಿ ಸೋಫಾ ಇತ್ತು ಅಂತಾನೂ ಹೇಳ್ಬೇಕು.”

ದೊಡ್ಡಮ್ಮ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿದರು. “ಅದೆಲ್ಲ ಯಾಕೆ? ನಮ್ಮನೆಗೆ ಬಂದ ಮಗೂಗೆ ಮಲಗಕ್ಕೆ ಜಾಗ ಕೊಡ್ಲಿಲ್ಲ ಅಂತ ನಾನು ನಾಲ್ಕು ಜನದ ಮುಂದೆ ಹೇಳ್ಕೊಳ್ಲಾ? ನಿಮ್ಮಮ್ಮ ಕೇಳಿದ್ರೆ ಏನ್ ಅಂದ್ಕೋತಾಳೆ?”

“ಹೇಳ್ಲೇಬೇಕು ದೊಡ್ಡಮ್ಮ.”

“ಆಯ್ತು, ಆಯ್ತು.”

ಮರುದಿನ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು ಲ್ಯಾಪ್‌ಟಾಪ್ ಮುಂದೆ ಕೂತರು. ತೆರೆಯ ಮೇಲೆ ಇಬ್ಬರು. ಕ್ಯಾಪ್ಟನ್ ಸಮರ್ಥ, ಕಮಿಟಿಯ ಅಧ್ಯಕ್ಷರು. ಹಾರುವುದು ಬಿಟ್ಟು ಆರು ವರ್ಷವಾಗಿತ್ತು. ಇನ್ನೊಬ್ಬರು ಎಚ್ಆರ್‌ನ ಅನು.

ಮೊದಲು ರೆಕಾರ್ಡಿಂಗ್ ಹಾಕಿದರು. ತಮ್ಮ ದನಿ ಕೇಳಿ ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. ‘ಜ್ವರ ಬಂದೈತಿ ಅನ್ರಿ’ ಎಂಬ ಜಾಗ ಬಂದಾಗ ಅನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಇನ್ನೊಮ್ಮೆ ಕೇಳಿಸಿಕೊಂಡು ಏನೋ ಬರೆದುಕೊಂಡರು.

“ಅಮ್ಮಾ, ಅವತ್ತು ಸ್ಪಂದನ ನಿದ್ದೆ ಮಾಡಿದ್ರಾ?” ಎಂದು ಸಮರ್ಥ ಕೇಳಿದರು.

“ಇಲ್ಲ ಸ್ವಾಮಿ. ಸುಳ್ಯಾಕೆ ಹೇಳ್ಲಿ, ಎರಡು ದಿನದಿಂದ ಮಗು ಕಣ್ಣು ಮುಚ್ಚಿರ್ಲಿಲ್ಲ. ಅವತ್ತು ಹೆಂಗಸ್ರೆಲ್ಲ ಇದ್ರು ಅಂತ ಹಂಗಂದೆ. ತಪ್ಪು ನಂದೇ.”

ಇಷ್ಟಕ್ಕೆ ಮುಗಿಯಬಹುದಿತ್ತು.

“ಅಂದ್ರೆ ಮಲಗಕ್ಕೆ ಅಲ್ಲಿ ಸರಿಯಾದ ಜಾಗ ಇರ್ಲಿಲ್ಲ ಅಂತಾನಾ ಆಂಟಿ?” ಎಂದರು ಅನು. “ನೀವೇ ಫಾರ್ಮಲ್ಲಿ ಸಹಿ ಮಾಡಿದೀರಲ್ಲ, ಇದೆ ಅಂತ?”

ದೊಡ್ಡಮ್ಮ ನೆಟ್ಟಗೆ ಕೂತರು. “ಜಾಗ ಇರ್ಲಿಲ್ವಾ ಅಂದ್ರೆ ಏನಮ್ಮ ಅರ್ಥ? ಬಾ ನೋಡು ಬಾ.” ಲ್ಯಾಪ್‌ಟಾಪನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ರೂಮಿಗೆ ನಡೆದರು. “ಇದು ಮಂಚ, ತೇಗದ್ದು. ಇದು ಹಾಸಿಗೆ, ಹೋದ ವರ್ಷ ತಗೊಂಡಿದ್ದು. ಇದು ಎಸಿ. ಪರದೆ ನೋಡಿ, ಎಳೆದ್ರೆ ಹಗಲು ರಾತ್ರಿ ಗೊತ್ತಾಗಲ್ಲ. ಇಲ್ಲೇನ್ ಕಮ್ಮಿ ಇದೆ ಹೇಳಿ ಸ್ವಾಮಿ?”

“ಏನೂ ಕಮ್ಮಿ ಇಲ್ಲಮ್ಮ,” ಎಂದರು ಸಮರ್ಥ. “ತುಂಬಾ ಚೆನ್ನಾಗಿದೆ.”

“ಇವಳೇ ಮಲಗ್ಲಿಲ್ಲ. ಫೋನ್ ನೋಡ್ಕೊಂಡೇ ಕೂತಿದ್ಲು. ಇವರೆಲ್ಲ ಫೋನ್ ಕೈಯಿಂದ ಬಿಡಲ್ಲ ಅಲ್ವಾ?”

“ಸರ್, ಆ ಫೋನ್ ನೋಡ್ತಿರ್ಬೇಕು ಅಂತ ನೀವೇ ರೂಲ್ ಮಾಡಿರೋದು,” ಎಂದಳು ಸ್ಪಂದನ. “ಅವತ್ತು ಆ ಮಂಚದ ಮೇಲೆ ಸೋಫಾ ಇತ್ತು.”

“ಸೋಫಾ ಇತ್ತು ಅಂದ್ರೆ ಮಲಗಕ್ಕೆ ಇನ್ನೊಂದು ಜಾಗ ಜಾಸ್ತಿ ಇತ್ತು ಅಂತ ಆಯ್ತಲ್ಲಮ್ಮ. ಆಮೇಲೆ ಅದರ ಮೇಲೇ ಮಲಗಿದ್ದೆ ಅಂತ ನೀವೇ ಅರ್ಜಿಲಿ ಬರೆದಿದೀರ.” ಸಮರ್ಥ ಕನ್ನಡಕ ತೆಗೆದರು. “ನಾವೆಲ್ಲ ಆ ಕಾಲದಲ್ಲಿ ಕಾರಲ್ಲೇ ಮಲಗಿ ಎದ್ದು ಬಂದು ಹಾರಿಸ್ತಿದ್ವಿ.”

“ರಾತ್ರಿ ಬೋರ್‌ವೆಲ್ ಕೊರೀತಿದ್ರು ಸರ್.”

“ಅದಕ್ಕೆ ದಾಖಲೆ ಇದೆಯಾ?”

ಇರಲಿಲ್ಲ. ಇದ್ದದ್ದು ನೀರು.

ಕರೆ ಮುಗಿದ ಮೇಲೆ ದೊಡ್ಡಮ್ಮ ಹೂವು ತೆಗೆದಿಟ್ಟು, “ಒಳ್ಳೇ ಜನ ಕಣೇ, ಎಷ್ಟು ಮರ್ಯಾದೆ ಕೊಟ್ಟು ಮಾತಾಡಿದ್ರು,” ಎಂದರು. “ಮಲಗಿಲ್ಲ ಅಂತ ನಾನು ಹೇಳಿದ್ನಲ್ಲ, ಸರಿಹೋಯ್ತಲ್ಲ?”

“ಹೇಳಿದ್ರಿ,” ಎಂದಳು ಸ್ಪಂದನ.

ಆದೇಶ ಮೂರು ದಿನಕ್ಕೆ ಬಂತು. ಪೈಲಟ್ ನಿದ್ದೆ ಮಾಡಿರಲಿಲ್ಲ ಎಂಬುದನ್ನು ಕಮಿಟಿ ಒಪ್ಪುತ್ತದೆ. ಆದರೆ ಇಪ್ಪತ್ತನಾಲ್ಕು ಗಂಟೆಯ ಅವಕಾಶ, ಹವಾನಿಯಂತ್ರಿತ ಕೋಣೆ ಮತ್ತು ಒಂದಕ್ಕಿಂತ ಹೆಚ್ಚು ಮಲಗುವ ಸ್ಥಳ ಇದ್ದದ್ದು ಸಾಕ್ಷಿಯಿಂದಲೇ ಸಾಬೀತಾಗಿದೆ. ಅವಕಾಶವನ್ನು ಪೈಲಟ್ ಬಳಸಿಕೊಂಡಿಲ್ಲ. ಆದ್ದರಿಂದ ಇದು ದಣಿವಲ್ಲ, ನಿರಾಕರಣೆ. ಮನೆಯವರನ್ನು ವಿಚಾರಿಸುವ ಪದ್ಧತಿ ಉಪಯುಕ್ತವೆಂದು ಕಂಡುಬಂದಿರುವುದರಿಂದ ಇನ್ನು ಮುಂದೆ ಎಲ್ಲ ಸ್ಟ್ಯಾಂಡ್‌ಬೈ ಕರೆಗಳಲ್ಲೂ ‘ಕುಟುಂಬದವರ ದೃಢೀಕರಣ’ ಎಂಬ ಕಾಲಂ ಇರತಕ್ಕದ್ದು.

ಸುಳ್ಳು ಕಾಯಿಲೆ ಹೇಳಿಕೊಟ್ಟದ್ದಕ್ಕೆ ವೀರೇಶನಿಗೆ ನೋಟಿಸ್ ಬಂತು, ಮೂರು ತಿಂಗಳು ರಾತ್ರಿ ಪಾಳಿ. ಕಮಾಂಡ್ ಕೋರ್ಸ್ ಹದಿನೈದನೇ ತಾರೀಖು ಮೂವತ್ತು ಜನರೊಂದಿಗೆ ಶುರುವಾಯಿತು. ಪಟ್ಟಿಯಲ್ಲಿ ಇಪ್ಪತ್ತಾರನೆಯದಾಗಿದ್ದ ಸ್ಪಂದನಳ ಹೆಸರು ಅರವತ್ತೊಂದನೆಯದಾಯಿತು. ಮುಂದಿನ ಕೋರ್ಸ್ ಹದಿನೆಂಟು ತಿಂಗಳ ಮೇಲೆ. ಅವಳಿಗೆ ಹೋದದ್ದು ಒಂದು ಸೀಟು, ಮೂವತ್ತೈದು ಸ್ಥಾನ, ಹದಿನೆಂಟು ತಿಂಗಳು.